ಕಡಲತೀರದ ಮೀನುಗಾರಿಕೆ ಗ್ರಾಮಗಳಲ್ಲಿ ನಿವೇಶನ, ಮನೆ ಮತ್ತು ಹೋಂಸ್ಟೇ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕರ್ನಾಟಕ ರಾಜ್ಯದ ಕರಾವಳಿಯು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸುಮಾರು 320 ಕಿ.ಮೀ. ಉದ್ದಕ್ಕೆ ಹಬ್ಬಿದೆ. ಈ ತೀರದ ಹಲವು ಮೀನುಗಾರಿಕೆ ಗ್ರಾಮಗಳು ಕಳೆದ ಮೂರು ದಶಕಗಳಲ್ಲಿ ಪ್ರವಾಸಿ ತಾಣಗಳಾಗಿಯೂ, ನಿವೃತ್ತಿ ಜೀವನವನ್ನು ಕಳೆಯಬಯಸುವವರ ನೆಲೆಗಳಾಗಿಯೂ ಬದಲಾಗುತ್ತಿವೆ. ಕರಾವಳಿಯವರಷ್ಟೇ ಅಲ್ಲದೆ ಒಳನಾಡಿನ ಜಿಲ್ಲೆಗಳ ನಿವಾಸಿಗಳೂ ಸಮುದ್ರದ ಸಮೀಪದಲ್ಲಿ ನಿವೇಶನ ಅಥವಾ ಮನೆ ಖರೀದಿಸಲು ಆಸಕ್ತಿ ತೋರುತ್ತಿದ್ದಾರೆ.

ರಾಯಚೂರು ಜಿಲ್ಲೆಯ ತುರ್ವಿಹಾಳ, ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ರೈತರಿಗೆ ಮತ್ತು ನೌಕರರಿಗೆ ಜಮೀನಿನ ವ್ಯವಹಾರ ಹೊಸದಲ್ಲ. ಸರ್ವೆ ನಂಬರು, ಬಾಂದು ಕಲ್ಲು, ಪಹಣಿ, ಕಾಲುವೆಯ ನೀರಿನ ಸರದಿ ಇವೆಲ್ಲವೂ ಅವರಿಗೆ ಚಿರಪರಿಚಿತ. ಆದರೆ ಸಮುದ್ರತೀರದ ಭೂಮಿಗೆ ಈ ತಿಳಿವಳಿಕೆಯೊಂದೇ ಸಾಲದು. ಅಲ್ಲಿ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ದೊರೆಯುವುದಿಲ್ಲ. ಮನೆಯ ಮುಂದಿನ ಮರಳು ದಂಡೆಯು ಮಾರಾಟಗಾರರದ್ದೂ ಅಲ್ಲ, ಖರೀದಿದಾರರದ್ದೂ ಆಗುವುದಿಲ್ಲ. ಮೀನುಗಾರ ಕುಟುಂಬಗಳಿಗೆ ಕಾನೂನು ನೀಡಿರುವ ಕೆಲವು ವಿನಾಯಿತಿಗಳು ಕ್ರಯಪತ್ರದೊಂದಿಗೆ ಕೈ ಬದಲಾಯಿಸುವಂತಹವಲ್ಲ.

ಈ ಅಂಶಗಳನ್ನು ತಿಳಿಯದೆ ನಿವೃತ್ತಿಯ ಉಳಿತಾಯವನ್ನು ತೊಡಗಿಸುವವರಿಗೂ, ತಲೆಮಾರುಗಳಿಂದ ಬಾಳಿದ ನೆಲೆಯನ್ನು ಮಾರಾಟ ಮಾಡುವ ಮೀನುಗಾರ ಕುಟುಂಬಗಳಿಗೂ ಸಮಾನವಾಗಿ ತೊಂದರೆ ಉಂಟಾಗುವ ಸಂಭವವಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಕಾನೂನು ಹಾಗೂ ಕಾರ್ಯವಿಧಾನಗಳನ್ನು ಈ ಪುಟದಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

2. ಗ್ರಾಮಗಳು ಬದಲಾದ ಬಗೆ

ಕರಾವಳಿಯ ಮೀನುಗಾರಿಕೆ ಗ್ರಾಮಗಳಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ, ದಾಲ್ದಿ ಮುಂತಾದ ಸಮುದಾಯಗಳು ವಾಸವಾಗಿವೆ. 1970ರ ದಶಕದವರೆಗೆ ಇಲ್ಲಿ ರಂಪಣಿ ಬಲೆಯ ಮೀನುಗಾರಿಕೆಯು ಪ್ರಮುಖವಾಗಿತ್ತು. ದೋಣಿಯ ಮೂಲಕ ಬಲೆಯನ್ನು ಸಮುದ್ರದಲ್ಲಿ ಬಿಟ್ಟು, ಅದರ ಎರಡೂ ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಮಂದಿ ಒಟ್ಟಾಗಿ ಎಳೆಯುತ್ತಿದ್ದರು. ದೊರೆತ ಬಂಗುಡೆ, ಬೂತಾಯಿ ಮೀನುಗಳನ್ನು ಪಾಲಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದರು. ಈ ಪದ್ಧತಿಗೆ ವಿಶಾಲವಾದ, ತೆರವಾದ ಮರಳು ದಂಡೆಯು ಅತ್ಯವಶ್ಯವಾಗಿತ್ತು.

1970ರ ದಶಕದ ಮಧ್ಯಭಾಗದಿಂದ ಪರ್ಸೀನ್ ಬಲೆಯ ಯಾಂತ್ರೀಕೃತ ದೋಣಿಗಳು ಬಳಕೆಗೆ ಬಂದವು. ಮೀನು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲಿ ಹಿಡಿಯಲ್ಪಟ್ಟು ಬಂದರುಗಳಿಗೆ ಸಾಗತೊಡಗಿತು. ಮಲ್ಪೆ, ಮಂಗಳೂರು, ಗಂಗೊಳ್ಳಿ, ತದಡಿ, ಕಾರವಾರ ಮೊದಲಾದ ಬಂದರುಗಳು ಬೆಳೆದವು. ರಂಪಣಿ ತಂಡಗಳು ಕ್ರಮೇಣ ಕಡಿಮೆಯಾದವು. ಹಲವರು ಯಾಂತ್ರೀಕೃತ ದೋಣಿಗಳಲ್ಲಿ ಕೆಲಸಕ್ಕೆ ಸೇರಿದರು. ಮುಂಬಯಿಗೆ ವಲಸೆ ಹೋಗುವ ರೂಢಿಯಂತೂ ಅದಕ್ಕಿಂತ ಬಹಳ ಹಿಂದಿನದು. ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿಯು 1902ರಲ್ಲಿಯೇ ಸ್ಥಾಪನೆಯಾಗಿದೆ. ನಂತರದ ವರ್ಷಗಳಲ್ಲಿ ಕೊಲ್ಲಿ ರಾಷ್ಟ್ರಗಳಿಗೂ ಯುವಕರು ತೆರಳಿದರು.

ಇದರ ಪರಿಣಾಮವಾಗಿ ಹಲವು ಗ್ರಾಮಗಳ ದಂಡೆಗಳು ಹೊರಗಿನವರ ಕಣ್ಣಿಗೆ ಖಾಲಿ ಜಾಗಗಳಂತೆ ಕಾಣಲಾರಂಭಿಸಿದವು. ವಾಸ್ತವದಲ್ಲಿ ಅವು ಖಾಲಿಯಾಗಿರಲಿಲ್ಲ. ನಾಡದೋಣಿಗಳು ತಂಗುವುದು, ಕೈರಂಪಣಿ ಎಳೆಯುವುದು, ಬಲೆ ಹೆಣೆಯುವುದು, ಮಹಿಳೆಯರು ಮೀನು ಒಣಗಿಸುವುದು ಇವೆಲ್ಲವೂ ಅಲ್ಲಿ ಮುಂದುವರೆದಿದ್ದವು.

ಇದೇ ಕಾಲದಲ್ಲಿ ಸಂಪರ್ಕ ಸೌಲಭ್ಯಗಳು ಸುಧಾರಿಸಿದವು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎಂದು ಕರೆಯಲಾಗುತ್ತಿದ್ದ ಇಂದಿನ ರಾಷ್ಟ್ರೀಯ ಹೆದ್ದಾರಿ 66 ವಿಸ್ತಾರಗೊಂಡಿತು. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ದೇವಸ್ಥಾನಕ್ಕೆ ಬರುವ ಯಾತ್ರಿಕರ ಜೊತೆಗೆ ಕುಡ್ಲೆ ಹಾಗೂ ಓಂ ಕಡಲತೀರಗಳಿಗೆ ಬರುವ ಪ್ರವಾಸಿಗರೂ ಹೆಚ್ಚಿದರು. ಮಲ್ಪೆಯಿಂದ ಪಡುಕೆರೆಗೆ ಸೇತುವೆಯಾದ ಬಳಿಕ, ನದಿ ಮತ್ತು ಸಮುದ್ರದ ನಡುವಿನ ಆ ಕಿರಿದಾದ ಭೂಭಾಗಕ್ಕೆ ಮಲ್ಪೆ ಕಡೆಯಿಂದ ವಾಹನಗಳು ನೇರವಾಗಿ ಬರುವಂತಾಯಿತು. ಸುವರ್ಣಾ ನದಿಯು ಸಮುದ್ರ ಸೇರುವ ಕೋಡಿಬೆಂಗ್ರೆಯಲ್ಲಿ ಹೋಂಸ್ಟೇಗಳು ಆರಂಭವಾದವು. 2020ರಲ್ಲಿ ಹೊನ್ನಾವರ ತಾಲ್ಲೂಕಿನ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ ಅಂತರರಾಷ್ಟ್ರೀಯ 'ಬ್ಲೂ ಫ್ಲ್ಯಾಗ್' ಮಾನ್ಯತೆ ದೊರೆಯಿತು.

3. ಮರಳು ದಂಡೆಯ ಮೇಲಿನ ಹಕ್ಕು

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 67ರ ಪ್ರಕಾರ ಸಾರ್ವಜನಿಕ ರಸ್ತೆ, ಕಾಲುದಾರಿ, ನದಿ, ಹಳ್ಳಗಳು ಹಾಗೂ ಉಬ್ಬರದ ಗರಿಷ್ಠ ರೇಖೆಯ ಕೆಳಗಿನ ಸಮುದ್ರ, ಬಂದರು ಮತ್ತು ಅಳಿವೆಗಳ ತಳಭಾಗವು ರಾಜ್ಯ ಸರ್ಕಾರದ ಸ್ವತ್ತಾಗಿರುತ್ತದೆ. ಆದುದರಿಂದ "ಸಮುದ್ರದವರೆಗೆ ನಿಮ್ಮದೇ ಜಾಗ", "ಖಾಸಗಿ ಬೀಚ್ ಸಹಿತ" ಎಂಬ ಜಾಹೀರಾತುಗಳನ್ನು ಸಾರ್ವಜನಿಕರು ನಂಬತಕ್ಕದ್ದಲ್ಲ.

ಉಬ್ಬರದ ರೇಖೆಗಿಂತ ಮೇಲಿರುವ ದಂಡೆಯ ಭಾಗವೂ ಅನೇಕ ಗ್ರಾಮಗಳಲ್ಲಿ ಸರ್ಕಾರಿ ಜಮೀನು ಅಥವಾ ಪರಂಬೋಕು ಎಂದು ದಾಖಲಾಗಿರುತ್ತದೆ. ಅಲ್ಲಿ ಮೀನುಗಾರರು ದೋಣಿ ಇಡುವುದಕ್ಕೆ ಮತ್ತು ಮೀನು ಒಣಗಿಸುವುದಕ್ಕೆ ಪ್ರತ್ಯೇಕ ಪಹಣಿ ಇರುವುದಿಲ್ಲ. ಅದು ರೂಢಿಯಿಂದ ಬಂದ ಸಾಮುದಾಯಿಕ ಬಳಕೆಯಾಗಿದೆ. ದಾಖಲೆ ಇಲ್ಲದಿರುವ ಕಾರಣದಿಂದಲೇ ಈ ಬಳಕೆಯು ಸುಲಭವಾಗಿ ನಷ್ಟವಾಗುತ್ತದೆ. ಒಂದು ಮನೆಯ ಬೇಲಿಯಿಂದ ಒಂದು ಕಾಲುದಾರಿ ಮುಚ್ಚಿದರೆ, ಹಿಂದಿನ ಸಾಲಿನ ಹತ್ತು ಮನೆಗಳವರು ದೋಣಿಗೆ ಎಂಜಿನ್, ಬಲೆ ಮತ್ತು ಮಂಜುಗಡ್ಡೆಯನ್ನು ಬಹುದೂರ ಸುತ್ತಿ ಸಾಗಿಸಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು, ಮೀನುಗಾರಿಕೆ ಗ್ರಾಮಗಳು, ಮೀನುಗಾರ ಸಮುದಾಯದ ಸಾಮಾನ್ಯ ಸ್ವತ್ತುಗಳು, ಜಟ್ಟಿಗಳು, ಮಂಜುಗಡ್ಡೆ ಸ್ಥಾವರಗಳು ಹಾಗೂ ಮೀನು ಒಣಗಿಸುವ ಸ್ಥಳಗಳನ್ನು ಗ್ರಾಮ ಮಟ್ಟದ ನಕ್ಷೆಗಳಲ್ಲಿ ಗುರುತಿಸಬೇಕೆಂದು ವಿಧಿಸಿತು. ತಮ್ಮ ಗ್ರಾಮದ ನಕ್ಷೆಯಲ್ಲಿ ಇವುಗಳು ಗುರುತಾಗಿವೆಯೇ ಎಂಬುದನ್ನು ಗ್ರಾಮಸ್ಥರು ಪರಿಶೀಲಿಸಿಕೊಳ್ಳುವುದು ಸೂಕ್ತ. ಬಿಟ್ಟುಹೋಗಿದ್ದಲ್ಲಿ ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ನಿರ್ಣಯದ ಪ್ರತಿಯೊಂದಿಗೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದಾಗಿದೆ.

4. ಕರಾವಳಿ ನಿಯಂತ್ರಣ ವಲಯ

ಸಿ.ಆರ್.ಝಡ್. ಎಂದು ಬಳಕೆಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ಕೇಂದ್ರ ಸರ್ಕಾರವು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರಡಿ ಹೊರಡಿಸಿದೆ. ಮೊದಲ ಅಧಿಸೂಚನೆಯು 1991ರ ಫೆಬ್ರವರಿ 19ರಂದು, ಎರಡನೆಯದು 2011ರ ಜನವರಿ 6ರಂದು, ಮೂರನೆಯದು 2019ರ ಜನವರಿ 18ರಂದು ಪ್ರಕಟವಾಗಿವೆ. ಸಮುದ್ರದ ಉಬ್ಬರದ ಗರಿಷ್ಠ ರೇಖೆಯಿಂದ ಭೂಭಾಗದ ಕಡೆಗೆ 500 ಮೀಟರ್‌ವರೆಗಿನ ಪ್ರದೇಶಕ್ಕೆ ಈ ನಿಯಮಗಳು ಅನ್ವಯಿಸುತ್ತವೆ. ಉಬ್ಬರದ ಪ್ರಭಾವವಿರುವ ನದಿ ಮತ್ತು ಅಳಿವೆಗಳ ದಡಗಳಿಗೂ ಪ್ರತ್ಯೇಕ ಅಂತರವನ್ನು ನಿಗದಿಪಡಿಸಲಾಗಿದೆ.

ವಲಯದ ಮುಖ್ಯ ವರ್ಗಗಳು ಈ ಕೆಳಗಿನಂತಿವೆ:

(ಅ) ವರ್ಗ 1: ಕಾಂಡ್ಲಾ ಕಾಡುಗಳು, ಮರಳು ದಿಬ್ಬಗಳು, ಕಡಲಾಮೆಗಳು ಮೊಟ್ಟೆ ಇಡುವ ತಾಣಗಳು ಮುಂತಾದ ಸೂಕ್ಷ್ಮ ಪ್ರದೇಶಗಳು ಹಾಗೂ ಉಬ್ಬರ ಮತ್ತು ಇಳಿತದ ರೇಖೆಗಳ ನಡುವಿನ ಪ್ರದೇಶ.

(ಆ) ವರ್ಗ 2: ಈಗಾಗಲೇ ತೀರದವರೆಗೆ ಅಭಿವೃದ್ಧಿಗೊಂಡಿರುವ ನಗರ ಪ್ರದೇಶ.

(ಇ) ವರ್ಗ 3: ಗ್ರಾಮೀಣ ಪ್ರದೇಶ. ಬಹುತೇಕ ಮೀನುಗಾರಿಕೆ ಗ್ರಾಮಗಳು ಈ ವರ್ಗಕ್ಕೆ ಸೇರುತ್ತವೆ.

(ಈ) ವರ್ಗ 4: ಜಲಪ್ರದೇಶ.

ವರ್ಗ 3ರಲ್ಲಿ ಉಬ್ಬರದ ರೇಖೆಯಿಂದ ನಿಗದಿತ ಅಂತರದವರೆಗೆ ಅಭಿವೃದ್ಧಿ ನಿಷೇಧಿತ ವಲಯವಿರುತ್ತದೆ. 1991 ಮತ್ತು 2011ರ ಅಧಿಸೂಚನೆಗಳಲ್ಲಿ ಈ ಅಂತರವು 200 ಮೀಟರ್ ಆಗಿತ್ತು. 2019ರ ಅಧಿಸೂಚನೆಯು ವರ್ಗ 3ನ್ನು ಎರಡಾಗಿ ವಿಂಗಡಿಸಿದೆ. 2011ರ ಜನಗಣತಿಯಂತೆ ಪ್ರತಿ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ಪ್ರದೇಶಗಳಲ್ಲಿ ಅಂತರವನ್ನು 50 ಮೀಟರ್‌ಗೆ ಇಳಿಸಲಾಗಿದೆ. ಉಳಿದ ಗ್ರಾಮೀಣ ಪ್ರದೇಶಗಳಲ್ಲಿ 200 ಮೀಟರ್ ಮುಂದುವರೆದಿದೆ. ಹಾಗಾಗಿ ಪಕ್ಕದ ಗ್ರಾಮದಲ್ಲಿ ಅನುಮತಿ ದೊರೆತಿದೆ ಎಂಬ ಕಾರಣಕ್ಕೆ ಇನ್ನೊಂದು ಗ್ರಾಮದಲ್ಲಿಯೂ ದೊರೆಯುತ್ತದೆ ಎಂದು ಭಾವಿಸತಕ್ಕದ್ದಲ್ಲ.

ಮೀನುಗಾರರಿಗೆ ನೀಡಿರುವ ವಿನಾಯಿತಿ: 2011ರ ಅಧಿಸೂಚನೆಯು 100ರಿಂದ 200 ಮೀಟರ್ ನಡುವಿನ ಪ್ರದೇಶದಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ವಾಸದ ಮನೆಗಳ ನಿರ್ಮಾಣ ಹಾಗೂ ಪುನರ್ನಿರ್ಮಾಣಕ್ಕೆ ಅವಕಾಶ ಕಲ್ಪಿಸಿತು. ಪ್ರತಿದಿನ ಸಮುದ್ರಕ್ಕಿಳಿಯುವ ಕುಟುಂಬವು ಸಮುದ್ರದ ಬಳಿಯೇ ಇರಬೇಕಾಗುತ್ತದೆ ಎಂಬುದು ಇದರ ಉದ್ದೇಶ. ಅರ್ಥಾತ್, ಸದರಿ ವಿನಾಯಿತಿಯು ಸಮುದಾಯದ ವಾಸದ ಅಗತ್ಯಕ್ಕೆ ನೀಡಿದ್ದೇ ಹೊರತು ಆ ನಿವೇಶನಕ್ಕೆ ಶಾಶ್ವತವಾಗಿ ಅಂಟಿಕೊಂಡ ಸೌಲಭ್ಯವಲ್ಲ. ಮೀನುಗಾರರ ಹಳೆಯ ಮನೆಯನ್ನು ಖರೀದಿಸಿ, ಅದನ್ನು ಕೆಡವಿ, ಅದೇ ಸ್ಥಳದಲ್ಲಿ ವಿಶ್ರಾಂತಿ ಗೃಹ ನಿರ್ಮಿಸುವ ಉದ್ದೇಶವುಳ್ಳವರು ಮುಂಗಡ ಹಣ ನೀಡುವ ಮೊದಲೇ ಈ ಅಂಶವನ್ನು ಗಮನಿಸಬೇಕು. ನಿಷೇಧಿತ ವಲಯದೊಳಗಿನ ಅಧಿಕೃತ ಕಟ್ಟಡದ ದುರಸ್ತಿ ಅಥವಾ ಪುನರ್ನಿರ್ಮಾಣಕ್ಕೆ, ಹಿಂದೆ ಇದ್ದ ತಳಪಾಯದ ವಿಸ್ತೀರ್ಣ ಮತ್ತು ನೆಲ ವಿಸ್ತೀರ್ಣದ ಅನುಪಾತವನ್ನು ಮೀರದಂತೆ ಮಾತ್ರ ಅವಕಾಶವಿದೆ.

5. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

2020ರಲ್ಲಿ ಕರ್ನಾಟಕ ಭೂಸುಧಾರಣಾ ಅಧಿನಿಯಮಕ್ಕೆ ತಂದ ತಿದ್ದುಪಡಿಯಿಂದ ಕಲಂ 79ಎ ಮತ್ತು 79ಬಿ ರದ್ದಾಗಿದ್ದು, ಕೃಷಿಕರಲ್ಲದವರೂ ಕೃಷಿ ಜಮೀನನ್ನು ಖರೀದಿಸಬಹುದಾಗಿದೆ. ಆದರೆ ಈ ತಿದ್ದುಪಡಿಯು ಕರಾವಳಿ ನಿಯಂತ್ರಣ ವಲಯದ ನಿಬಂಧನೆಗಳನ್ನು ಸಡಿಲಿಸಿಲ್ಲ. ಜಮೀನು ಖರೀದಿಸಲು ಅಡ್ಡಿಯಿಲ್ಲದಿದ್ದರೂ ಅದರಲ್ಲಿ ಮನೆ ಕಟ್ಟಲು ಅಡ್ಡಿಯಿರಬಹುದು. ಖರೀದಿದಾರರು ಈ ಕೆಳಕಂಡವುಗಳನ್ನು ಪರಿಶೀಲಿಸತಕ್ಕದ್ದು:

(1) ಪಹಣಿ ಮತ್ತು ಹಕ್ಕು ಬದಲಾವಣೆ ದಾಖಲೆ: ಭೂಮಿ ತಂತ್ರಾಂಶದ ಮೂಲಕ ರಾಜ್ಯದ ಯಾವುದೇ ಭಾಗದಿಂದ ನೋಡಬಹುದು. ತುರ್ವಿಹಾಳದಲ್ಲಿರುವವರು ಇದಕ್ಕಾಗಿ ಉಡುಪಿ ಅಥವಾ ಕುಮಟಾಕ್ಕೆ ಪ್ರಯಾಣಿಸುವ ಅಗತ್ಯವಿಲ್ಲ.

(2) ಸರ್ವೆ ನಕ್ಷೆ: ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಖರೀದಿಸುವುದಾದಲ್ಲಿ 11ಇ ನಕ್ಷೆ ಅವಶ್ಯ. ಮಾರಾಟಗಾರರು ತೋರಿಸುವ ಸ್ಥಳ ಯಾವ ಸರ್ವೆ ನಂಬರಿನಲ್ಲಿದೆ ಎಂಬುದನ್ನು ದಿಶಾಂಕ್ ಆ್ಯಪ್ ಮೂಲಕ ಸ್ಥಳದಲ್ಲಿಯೇ ಪ್ರಾಥಮಿಕವಾಗಿ ತಿಳಿಯಬಹುದು.

(3) ಋಣಭಾರ ಪ್ರಮಾಣಪತ್ರ: ಕಾವೇರಿ ತಂತ್ರಾಂಶದ ಮೂಲಕ ಪಡೆಯಬಹುದು.

(4) ವಂಶವೃಕ್ಷ: ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮೊಗವೀರರೂ ಸೇರಿದಂತೆ ಹಲವು ಸಮುದಾಯಗಳು ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದವು. ಈ ಪದ್ಧತಿಯಲ್ಲಿ ಕುಟುಂಬದ ಆಸ್ತಿಯ ಹಕ್ಕು ಹೆಣ್ಣುಮಕ್ಕಳ ಸಂತತಿಯ ಮೂಲಕ ಸಾಗುತ್ತದೆ. ವಿಭಾಗವಾಗದ ಹಳೆಯ ಮನೆಯನ್ನು ಅದರಲ್ಲಿ ವಾಸವಿರುವ ಒಬ್ಬ ಸದಸ್ಯರು ಮಾತ್ರ ಮಾರಾಟ ಮಾಡಿದಲ್ಲಿ, ಮುಂಬಯಿಯಲ್ಲಿರುವ ಸಹೋದರಿಯರು ಅಥವಾ ಅವರ ಮಕ್ಕಳು ತಮ್ಮ ಪಾಲನ್ನು ಕೇಳುವ ಸಂದರ್ಭ ಬರಬಹುದು. ಎಲ್ಲ ಹಕ್ಕುದಾರರ ಸಹಿ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

(5) ಹಕ್ಕುಪತ್ರದ ಷರತ್ತುಗಳು: ಸರ್ಕಾರಿ ಜಮೀನಿನಲ್ಲಿದ್ದ ವಾಸದ ಮನೆಯನ್ನು ಭೂಕಂದಾಯ ಅಧಿನಿಯಮದ ಕಲಂ 94ಸಿ ಅಡಿ ಸಕ್ರಮಗೊಳಿಸಿದ್ದಲ್ಲಿ ಅಥವಾ ಮತ್ಸ್ಯಾಶ್ರಯ ಮುಂತಾದ ವಸತಿ ಯೋಜನೆಯಡಿ ಮನೆ ಮಂಜೂರಾಗಿದ್ದಲ್ಲಿ, ಪರಭಾರೆಗೆ ಸಂಬಂಧಿಸಿದ ಷರತ್ತುಗಳನ್ನು ಮೂಲ ಆದೇಶದಲ್ಲಿ ಓದಿಕೊಳ್ಳತಕ್ಕದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದಲ್ಲಿ 1978ರ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ.

(6) ದಾರಿ, ನಾಗಬನ ಮತ್ತು ದೈವಸ್ಥಾನ: ನಿವೇಶನದ ಮೂಲಕ ಊರವರು ಬಳಸುವ ದಾರಿ ಇದೆಯೇ ಎಂಬುದನ್ನು ನೆರೆಹೊರೆಯವರಿಂದ ವಿಚಾರಿಸಿಕೊಳ್ಳತಕ್ಕದ್ದು. ಇದು ಪಹಣಿಯಲ್ಲಿ ಕಾಣದಿರಬಹುದು.

(7) ಕಡಲ್ಕೊರೆತ: ಉಳ್ಳಾಲ, ಮರವಂತೆ ಮುಂತಾದ ಕಡೆಗಳಲ್ಲಿ ಮಳೆಗಾಲದಲ್ಲಿ ಸಮುದ್ರವು ದಡವನ್ನು ಕೊರೆದು ಮನೆ, ತೋಟ, ರಸ್ತೆಗಳಿಗೆ ಹಾನಿ ಮಾಡಿದ ಉದಾಹರಣೆಗಳಿವೆ. ನಿವೇಶನವನ್ನು ಬೇಸಿಗೆಯಲ್ಲಿ ಒಮ್ಮೆ, ಜುಲೈ ತಿಂಗಳಲ್ಲಿ ಒಮ್ಮೆ ನೋಡುವುದು ಒಳಿತು.

ಸಾಮಾನ್ಯ ಅಧಿಕಾರ ಪತ್ರದ ಮೂಲಕ ನಡೆಸುವ ಮಾರಾಟದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ. ಕ್ರಯಪತ್ರವನ್ನು ಆಸ್ತಿ ಇರುವ ಜಿಲ್ಲೆಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೇ ನೋಂದಾಯಿಸತಕ್ಕದ್ದು.

6. ಮನೆ ನಿರ್ಮಾಣಕ್ಕೆ ಅನುಮತಿ

ಕೃಷಿ ಜಮೀನಾಗಿದ್ದಲ್ಲಿ ಭೂಕಂದಾಯ ಅಧಿನಿಯಮದ ಕಲಂ 95ರಂತೆ ಭೂಪರಿವರ್ತನೆಗೆ ಅರ್ಜಿ ಸಲ್ಲಿಸತಕ್ಕದ್ದು. ನಂತರ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ದಾಖಲೆಯೊಂದಿಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಕಲಂ 64ರಡಿ ಕಟ್ಟಡ ಪರವಾನಗಿ ಪಡೆಯಬೇಕು. ಮಲ್ಪೆಯಂತಹ ನಗರಸಭೆ ವ್ಯಾಪ್ತಿಯ ಪ್ರದೇಶಗಳಲ್ಲಿ ಪರವಾನಗಿಯನ್ನು ನಗರಸಭೆಯು ನೀಡುತ್ತದೆ.

ನಿವೇಶನವು ಕರಾವಳಿ ನಿಯಂತ್ರಣ ವಲಯದಲ್ಲಿದ್ದಲ್ಲಿ ಅದರ ನಿಯಮಗಳ ಪರಿಶೀಲನೆ ಕಡ್ಡಾಯ. 2019ರ ಅಧಿಸೂಚನೆಯಂತೆ ಒಟ್ಟು 300 ಚದರ ಮೀಟರ್ ಮೀರದ ಸ್ವಂತ ವಾಸದ ಮನೆಗೆ, ನಿಯಮಾನುಸಾರ ಪರಿಶೀಲಿಸಿ, ಸ್ಥಳೀಯ ಪ್ರಾಧಿಕಾರವೇ ಅನುಮತಿ ನೀಡಬಹುದಾಗಿದೆ. ಬಾಡಿಗೆ ಅಥವಾ ವಾಣಿಜ್ಯ ಉದ್ದೇಶದ ಕಟ್ಟಡವನ್ನು ಸ್ವಂತ ವಾಸದ ಮನೆ ಎಂದು ಅರ್ಜಿಯಲ್ಲಿ ತೋರಿಸತಕ್ಕದ್ದಲ್ಲ. ಇತರೆ ಯೋಜನೆಗಳಿಗೆ ಸಂಬಂಧಿಸಿದ ಮಾಹಿತಿಗಾಗಿ ಕಾರವಾರ, ಉಡುಪಿ ಮತ್ತು ಮಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗಳನ್ನು ಸಂಪರ್ಕಿಸಬಹುದು.

ಸಾಂಪ್ರದಾಯಿಕ ಮೀನುಗಾರಿಕೆ ಗ್ರಾಮಗಳಲ್ಲಿನ ವಾಸದ ಮನೆಗಳ ಎತ್ತರವು 9 ಮೀಟರ್ ಹಾಗೂ ಎರಡು ಅಂತಸ್ತುಗಳನ್ನು, ಅಂದರೆ ನೆಲ ಅಂತಸ್ತು ಮತ್ತು ಮೊದಲ ಅಂತಸ್ತನ್ನು ಮೀರುವಂತಿಲ್ಲ. ಮರಳು ದಿಬ್ಬಗಳನ್ನು ಸಮತಟ್ಟು ಮಾಡುವುದು ನಿಷಿದ್ಧ. ಅಂತರ್ಜಲ ಬಳಕೆಗೂ ನಿರ್ಬಂಧಗಳಿವೆ. ತೀರದ ಸಿಹಿನೀರು ತೆಳುವಾದ ಪದರವಾಗಿ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಒಂದು ಕಟ್ಟಡದಲ್ಲಿ ಪಂಪಿನಿಂದ ಅತಿಯಾಗಿ ನೀರೆತ್ತಿದಲ್ಲಿ ನೆರೆಮನೆಗಳ ಬಾವಿಗಳೂ ಉಪ್ಪಾಗುತ್ತವೆ.

7. ಹೋಂಸ್ಟೇ ನಡೆಸಲು ಇಚ್ಛಿಸುವವರಿಗೆ

2019ರ ಅಧಿಸೂಚನೆಯು ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳವರು ತಮ್ಮ ಅಸ್ತಿತ್ವದಲ್ಲಿರುವ ಮನೆಗಳಲ್ಲಿ, ತಳಪಾಯದ ವಿಸ್ತೀರ್ಣ, ವಿನ್ಯಾಸ ಹಾಗೂ ಮುಂಭಾಗದ ರೂಪವನ್ನು ಬದಲಾಯಿಸದೆ ಹೋಂಸ್ಟೇ ನಡೆಸಲು ಅವಕಾಶ ನೀಡಿದೆ. ಮನೆಯನ್ನು ಮಾರದೆಯೇ ಪ್ರವಾಸೋದ್ಯಮದಿಂದ ಆದಾಯ ಪಡೆಯಲು ಇದು ಮೀನುಗಾರ ಕುಟುಂಬಗಳಿಗೆ ಇರುವ ನೇರವಾದ ದಾರಿಯಾಗಿದೆ.

ಹೋಂಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸತಕ್ಕದ್ದು. ಭಾರತ ಸರ್ಕಾರದ ಯೋಜನೆಯಡಿ ಗರಿಷ್ಠ 6 ಕೊಠಡಿ ಹಾಗೂ 12 ಹಾಸಿಗೆಗಳ ಮಿತಿಯಿದ್ದು, ಮಾಲೀಕರ ಕುಟುಂಬವು ಅದೇ ಮನೆಯಲ್ಲಿ ವಾಸವಿರುವುದು ಈ ವ್ಯವಸ್ಥೆಯ ಮೂಲ ಲಕ್ಷಣ. ಸ್ಥಳೀಯ ಸಂಸ್ಥೆಯ ಪರವಾನಗಿ, ಊಟೋಪಚಾರ ನೀಡುವುದಾದಲ್ಲಿ ಆಹಾರ ಸುರಕ್ಷತಾ ನೋಂದಣಿ ಅವಶ್ಯ. ಅತಿಥಿಗಳ ಗುರುತಿನ ದಾಖಲೆಯನ್ನು ಇರಿಸಿಕೊಳ್ಳಬೇಕು. ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು.

ಆದಾಯದ ಲೆಕ್ಕಾಚಾರದಲ್ಲಿ ಒಂದು ಅಂಶವನ್ನು ಮರೆಯಬಾರದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಇದೇ ಅವಧಿಯಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿದ್ದು ಪ್ರವಾಸಿಗರ ಸಂಖ್ಯೆಯೂ ಇಳಿಯುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಮೀನುಗಾರಿಕೆಯ ಆದಾಯವಿಲ್ಲದ ತಿಂಗಳುಗಳನ್ನು ಹೋಂಸ್ಟೇಯ ಆದಾಯವು ತುಂಬುತ್ತದೆ ಎಂದು ನಂಬಿ ಸಾಲ ಮಾಡಿದಲ್ಲಿ, ಎರಡೂ ಆದಾಯಗಳು ಒಟ್ಟಿಗೆ ನಿಲ್ಲುವ ತಿಂಗಳುಗಳಲ್ಲಿ ಕಂತು ಕಟ್ಟುವುದು ಕಷ್ಟವಾಗುತ್ತದೆ. ಸಾಲದ ಕಂತುಗಳನ್ನು ಹತ್ತು ತಿಂಗಳ ಆದಾಯಕ್ಕೆ ಹೊಂದುವಂತೆ ಯೋಜಿಸಿಕೊಳ್ಳುವುದು ಲೇಸು. ಹೋಂಸ್ಟೇ ಆರಂಭಿಸಿದರೂ ಮೀನುಗಾರಿಕೆಯನ್ನು ಮುಂದುವರೆಸುವ ಅರ್ಹ ಕುಟುಂಬಗಳು, ಫಲಾನುಭವಿಯ ವಂತಿಗೆ 1500 ರೂ. ಹಾಗೂ ಸರ್ಕಾರಗಳ ವಂತಿಗೆ 3000 ರೂ. ಸೇರಿ 4500 ರೂ. ದೊರೆಯುವ ಉಳಿತಾಯ ಮತ್ತು ಪರಿಹಾರ ಯೋಜನೆಯ ಕುರಿತು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು.

8. ಮಾರಾಟ ಮಾಡುವ ಕುಟುಂಬಗಳ ಗಮನಕ್ಕೆ

ಮನೆಯನ್ನು ಮಾರಿದ ಕುಟುಂಬಕ್ಕೆ ತೀರದ ಬಳಿ ಮತ್ತೊಂದು ಮನೆ ಕಟ್ಟಲು ಅನುಮತಿ ದೊರೆಯುವ ಭರವಸೆ ಇರುವುದಿಲ್ಲ. ದೂರಕ್ಕೆ ಸ್ಥಳಾಂತರಗೊಂಡಲ್ಲಿ ಬಲೆ, ಎಂಜಿನ್ ಇಡುವ ಸ್ಥಳ, ಮುಂಜಾನೆ ದೋಣಿಗೆ ಹೋಗುವ ದೂರ, ಮೀನು ಒಣಗಿಸುವ ಅಂಗಳ ಇವೆಲ್ಲಕ್ಕೂ ಹೊಸ ವೆಚ್ಚ ಬರುತ್ತದೆ. ಒಣ ಮೀನಿನ ಆದಾಯವು ಬಹುತೇಕ ಮಹಿಳೆಯರ ಕೈಯಲ್ಲಿರುವುದರಿಂದ ಮಾರಾಟದ ನಿರ್ಧಾರದಲ್ಲಿ ಅವರ ಅಭಿಪ್ರಾಯವನ್ನು ಮೊದಲು ಕೇಳುವುದು ಅವಶ್ಯ. ಮಾರಾಟದ ಬೆಲೆಯನ್ನು ಈ ವೆಚ್ಚಗಳೊಂದಿಗೆ ಹೋಲಿಸಿ ನೋಡಬೇಕು. ಬಂಡವಾಳ ಲಾಭದ ಮೇಲಿನ ಆದಾಯ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪೂರ್ಣ ಮಾರಾಟದ ಬದಲಾಗಿ ನಿಗದಿತ ಅವಧಿಯ ನೋಂದಾಯಿತ ಗುತ್ತಿಗೆ ನೀಡುವ ಆಯ್ಕೆಯೂ ಇದೆ. ಹಿರಿಯ ನಾಗರಿಕರು ತಮ್ಮನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಮಕ್ಕಳಿಗೆ ಆಸ್ತಿ ಬರೆದುಕೊಡುವುದಾದಲ್ಲಿ ಆ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸತಕ್ಕದ್ದು. ಷರತ್ತು ಪಾಲನೆಯಾಗದಿದ್ದಲ್ಲಿ 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕ್ಷೇಮಾಭಿವೃದ್ಧಿ ಅಧಿನಿಯಮದ ಕಲಂ 23ರಡಿ ನ್ಯಾಯಮಂಡಳಿಯನ್ನು ಕೋರಬಹುದು.

9. ನಿಯಮ ಉಲ್ಲಂಘನೆಯ ಪರಿಣಾಮ

ಕೇರಳದ ಕೊಚ್ಚಿ ಸಮೀಪದ ಮರಡುವಿನಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ಉಲ್ಲಂಘಿಸಿ ನಿರ್ಮಿಸಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಮಾನ್ಯ ಸರ್ವೋಚ್ಚ ನ್ಯಾಯಾಲಯದ 2019ರ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ನೆಲಸಮಗೊಳಿಸಲಾಯಿತು. ಅಲ್ಲಿ ಮನೆಗಳನ್ನು ಖರೀದಿಸಿದ್ದವರು ಸ್ಥಳೀಯ ಸಂಸ್ಥೆಯ ಪರವಾನಗಿಯನ್ನು ನಂಬಿದ್ದರು. ನ್ಯಾಯಾಲಯವು ತಲಾ 25 ಲಕ್ಷ ರೂ. ಮಧ್ಯಂತರ ಪರಿಹಾರ ನೀಡಲು ಆದೇಶಿಸಿತಾದರೂ ಮನೆಗಳು ಉಳಿಯಲಿಲ್ಲ.

ಸಿಂಧನೂರು ತಾಲ್ಲೂಕಿಗೆ ಹೊಂದಿಕೊಂಡಿರುವ ಗಂಗಾವತಿ ಭಾಗದ ವಿರೂಪಾಪುರಗಡ್ಡೆಯ ಉದಾಹರಣೆಯು ಈ ಪ್ರದೇಶದ ಜನರಿಗೆ ತಿಳಿದೇ ಇದೆ. ಹಂಪಿ ವಿಶ್ವ ಪರಂಪರೆ ಪ್ರದೇಶದಲ್ಲಿ ತುಂಗಭದ್ರಾ ನದಿಯ ನಡುವೆ ಇದ್ದ ಅನಧಿಕೃತ ರೆಸಾರ್ಟ್‌ಗಳನ್ನು ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ತೆರವುಗೊಳಿಸಲಾಯಿತು. ಕಾನೂನು ಬೇರೆಯಾದರೂ ಪಾಠ ಒಂದೇ: ಹಲವು ವರ್ಷ ವ್ಯವಹಾರ ನಡೆದಿದೆ ಎಂಬ ಕಾರಣಕ್ಕೆ ಕಟ್ಟಡವು ಅಧಿಕೃತವಾಗುವುದಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಗೆ ಪಂಚಾಯಿತಿ ತೆರಿಗೆ ಕಟ್ಟಿದ ರಸೀದಿ ಹಾಗೂ ವಿದ್ಯುತ್ ಸಂಪರ್ಕವಿದೆ. ಇದು ಸಾಕೇ?
ಉತ್ತರ: ಸಾಲದು. ಇವು ಮಾಲೀಕತ್ವದ ಅಥವಾ ಅಧಿಕೃತ ನಿರ್ಮಾಣದ ದಾಖಲೆಗಳಲ್ಲ.

ಪ್ರಶ್ನೆ: ಸ್ವಂತ ನಿವೇಶನಕ್ಕೆ ಸಮುದ್ರದ ಕಡೆ ಬೇಲಿ ಹಾಕಬಹುದೇ?
ಉತ್ತರ: ಸಾರ್ವಜನಿಕರು ಕಡಲತೀರಕ್ಕೆ ಹೋಗುವುದಕ್ಕೆ ಅಡ್ಡಿಯಾಗುವಂತೆ ಬೇಲಿ ಹಾಕುವಂತಿಲ್ಲ. 2011ರ ಅಧಿಸೂಚನೆಯ ಮಾರ್ಗಸೂಚಿಯು ಎರಡು ರೆಸಾರ್ಟ್‌ಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ದಾರಿ ಬಿಡಬೇಕೆಂದು ವಿಧಿಸಿದೆ.

ಪ್ರಶ್ನೆ: ಮನೆಯ ಮುಂದೆ ಮೀನು ಒಣಗಿಸುವುದರಿಂದ ವಾಸನೆ ಬರುತ್ತದೆ. ನಿಲ್ಲಿಸುವಂತೆ ದೂರು ನೀಡಬಹುದೇ?
ಉತ್ತರ: ಮೀನು ಒಣಗಿಸುವುದು ಮೀನುಗಾರಿಕೆ ಗ್ರಾಮದ ಸಾಂಪ್ರದಾಯಿಕ ಜೀವನೋಪಾಯ. ತ್ಯಾಜ್ಯ ನಿರ್ವಹಣೆಯ ಕುರಿತು ಪಂಚಾಯಿತಿಗೆ ಮನವಿ ನೀಡಬಹುದು. ಆದರೆ ಮೀನುಗಾರಿಕೆ ಗ್ರಾಮದಲ್ಲಿ ನೆಲೆಸಲು ಬರುವವರು ಅಲ್ಲಿನ ಕಸುಬನ್ನು ಮೊದಲೇ ಅರಿತು ಬರುವುದು ಅಪೇಕ್ಷಣೀಯ.

ಪ್ರಶ್ನೆ: ಅರ್ಜಿಯ ಸ್ಥಿತಿಯನ್ನು ತಿಳಿಯುವುದು ಹೇಗೆ?
ಉತ್ತರ: ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ಕಡತದ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು.

11. ಕೊನೆಯ ಸೂಚನೆ

ಕಡಲತೀರದ ಗ್ರಾಮದಲ್ಲಿ ಹೊಸಬರಿಗೆ ಸ್ಥಳವಿಲ್ಲವೆಂಬುದು ಈ ನಿಯಮಗಳ ಅರ್ಥವಲ್ಲ. ನಿಗದಿತ ಅಂತರ ಬಿಟ್ಟು, ದಾರಿ ಮುಚ್ಚದೆ, ಬಾವಿ ಕೆಡಿಸದೆ ಕಟ್ಟಿದ ಮನೆಗೆ ಕಾನೂನಿನ ರಕ್ಷಣೆಯಿದೆ. ದೋಣಿ ತಂಗುವ ದಂಡೆ ಉಳಿದಲ್ಲಿ ಮಾತ್ರ ಅದು ಮೀನುಗಾರಿಕೆ ಗ್ರಾಮವಾಗಿ ಉಳಿಯುತ್ತದೆ. ಹೊರಗಿನವರು ಅಲ್ಲಿಗೆ ಬರಬಯಸುವುದೂ ಬಹುಮಟ್ಟಿಗೆ ಅದೇ ಕಾರಣಕ್ಕಾಗಿ.

ಮೇಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ನಿವೇಶನದ ಕುರಿತು ಸರ್ವೆ ನಂಬರಿನ ವಿವರದೊಂದಿಗೆ ಸಂಬಂಧಪಟ್ಟ ತಹಶೀಲ್ದಾರರ ಕಚೇರಿ, ಗ್ರಾಮ ಪಂಚಾಯಿತಿ ಅಥವಾ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಲಿಖಿತವಾಗಿ ಮಾಹಿತಿ ಪಡೆದ ನಂತರವೇ ಮುಂಗಡ ಹಣ ಪಾವತಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.